ಸೂರು ಮುಟ್ಟದ ಗೋಡೆ

ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಕ್. ನಡುರಾತ್ರಿಯಲ್ಲಿ ಹಿತ್ತಾಳೆ ಲೋಟ ನೆಲಕ್ಕೆ ಬಡಿದ ಸದ್ದು.

ಸಲೋಮಿ ಕತ್ತಲಲ್ಲಿ ಕಣ್ಣು ಬಿಟ್ಟಳು. ಲಕ್ವ ಹೊಡೆದು ಮಾತು ನಿಂತ ಮೇಲೆ ಅಮ್ಮ ನೀರು ಕೇಳುತ್ತಿದ್ದದ್ದೇ ಹಾಗೆ. ಆದರೆ ಅಮ್ಮ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಮಂಚ ಇದ್ದ ಮೂಲೆಯಲ್ಲಿ ಈಗ ಬರಿಯ ನೆಲ.

ಸದ್ದು ನಿಂತಿತು. ಅದರ ಬೆನ್ನಿಗೇ ಒಂದು ಪಿಸುಮಾತು. "ಕರ್ತನೇ, ಅವರು ನೀರು ಕೇಳಿದಾಗ ಎಚ್ಚರವಿದ್ದೂ ನಿದ್ದೆ ಬಂದವಳ ಹಾಗೆ ಮಲಗಿದ್ದೆ. ಕ್ಷಮಿಸು."

ಅವಳದೇ ಪ್ರಾರ್ಥನೆ. ಕೊನೆಯ ಮಾತಿಗೆ ಮೊದಲು ಉಸಿರು ಹಿಡಿದದ್ದೂ ಅವಳ ಹಾಗೆಯೇ. ಸಲೋಮಿ ತನ್ನ ತುಟಿ ಮುಟ್ಟಿ ನೋಡಿಕೊಂಡಳು. ಮುಚ್ಚಿಯೇ ಇತ್ತು.

ಚರ್ಚಿನಲ್ಲಿ ತಿಂಗಳಿಗೊಮ್ಮೆ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಹಿಂದಿನ ರಾತ್ರಿ ಮೊಣಕಾಲೂರಿ ತನ್ನನ್ನು ತಾನು ಶೋಧಿಸಿಕೊಳ್ಳುವುದು ಅವರ ಮನೆಯಲ್ಲಿ ನಡೆದುಬಂದ ಪದ್ಧತಿ. ಮನಸ್ಸಿನಲ್ಲೇ ಹೇಳಿಕೊಂಡರೆ ಮನಸ್ಸು ಮೋಸ ಮಾಡುತ್ತದೆ, ಬಾಯಿಬಿಟ್ಟು ಹೇಳಬೇಕು ಎಂದು ಅಪ್ಪ ಕಲಿಸಿದ್ದರು. ಅಮ್ಮ ಇದ್ದಾಗ ತಿಂಗಳು ತಿಂಗಳೂ ಇದೇ ತಪ್ಪನ್ನು ಹೇಳಿ ಅವಳು ಹಗುರಾಗಿ ಮಲಗುತ್ತಿದ್ದಳು. ತುಮಕೂರಿನ ಶೆಟ್ಟಿಹಳ್ಳಿಯ ಆ ಹೆಂಚಿನ ಜೋಡಿಮನೆಯ ನಡುಗೋಡೆ ಸೂರು ಮುಟ್ಟುತ್ತಿರಲಿಲ್ಲ. ಆಚೆ ಮನೆಯವರಿಗೂ ಕಿವಿಯಿದೆ ಎಂಬುದು ಎಪ್ಪತ್ತೆಂಟನೆಯ ಇಸವಿಯ ಆ ರಾತ್ರಿಯವರೆಗೆ ಅವಳಿಗೆ ಹೊಳೆದಿರಲಿಲ್ಲ.

ಆಚೆ ಮನೆಯ ವನಜಳ ಗಂಡ ರುದ್ರಯ್ಯ ಬಸ್ ಕಂಡಕ್ಟರ್. ಹೆಚ್ಚಿನ ರಾತ್ರಿಗಳಲ್ಲಿ ಅವನಿಗೆ ಕುಣಿಗಲ್ಲಿನಲ್ಲೇ ಹಾಲ್ಟು. ಅತ್ತೆ ದೊಡ್ಡಗಂಗಮ್ಮ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು.

ಬೆಳಿಗ್ಗೆ ನಲ್ಲಿಯ ಹತ್ತಿರ ಸಲೋಮಿ ಕೇಳಿದಳು. "ರಾತ್ರಿ ಪ್ರಾರ್ಥನೆ ಮಾಡಿದ್ದು ನೀನಾ?"

"ಅಯ್ಯೋ, ಕೇಳಿಸ್ತಾ ಟೀಚರಮ್ಮ? ನಿಮ್ಮಷ್ಟು ಚೆನ್ನಾಗ್ ಬರಲ್ಲ ಬುಡಿ," ವನಜ ನಕ್ಕಳು. "ಕೇಳೀ ಕೇಳೀ ಬಾಯಿಪಾಠ ಆಗ್ಬುಟ್ಟದೆ. ನಮ್ಮತ್ತೆ ಹಗಲೆಲ್ಲಾ ಜೀವ ತಿಂತಾಳೆ, ರಾತ್ರೀನೂ ನಾನೇ ಏಳ್ಬೇಕಾ?"

"ಬಾಯಾರಿ ಸತ್ತೇ ಹೋಗ್ತಾರೆ ಕಣೇ. ಎದ್ದು ನೀರು ಕೊಡು."

"ನೀವು ಕೊಡ್ತಿದ್ರಾ? ಕೊಡ್ದೆ ಹೇಳ್ಕೋತಿದ್ರಿ. ಬೆಳಗ್ಗೆ ಬಿಳೀ ಸೀರೆ ಉಟ್ಕೊಂಡು ಚರ್ಚಿಗೆ ಹೊರಟ್ರೆ ಮುಖ ಎಷ್ಟ್ ತಿಳಿಯಾಗಿರ್ತಿತ್ತು! ಅದ್ನ ನೋಡೇ ನಾನೂ ಕಲ್ತೆ. ಹೇಳ್ಬುಟ್ರೆ ಹೋಗುತ್ತೆ, ಅಲ್ವಾ?"

ಅವಳ ಕಣ್ಣಿನಲ್ಲಿ ಕುಹಕದ ಸುಳಿವೇ ಇರಲಿಲ್ಲ. ಸಲೋಮಿಗೆ ಹೆದರಿಕೆಯಾದದ್ದು ಅದಕ್ಕೇ. ಅಮ್ಮ ಹೋದ ಬೆಳಿಗ್ಗೆ ಲೋಟದ ತಳ ಒಣಗಿತ್ತು.

ಆ ಭಾನುವಾರ ರೊಟ್ಟಿ ದ್ರಾಕ್ಷಾರಸದ ಹೊತ್ತಿಗೆ ಅವಳು ಬೆಂಚಿನಿಂದ ಏಳಲಿಲ್ಲ. ಸೋಮವಾರ ಅವಳು ಕಲಿಸುವ ಗುಬ್ಬಿಯ ಶಾಲೆಯಲ್ಲಿ ಮಕ್ಕಳೆಲ್ಲ ತನ್ನ ಹಾಗೆಯೇ ಕತ್ತು ವಾಲಿಸಿ ಪದ್ಯ ಒಪ್ಪಿಸುತ್ತಿರುವುದು ಮೊದಲ ಸಲ ಕಣ್ಣಿಗೆ ಬಿದ್ದು, ಪಾಠ ನಿಲ್ಲಿಸಿ ಕೂತುಬಿಟ್ಟಳು.

ಅಂದು ರಾತ್ರಿ ಮತ್ತೆ, ಟಕ್.

ಸಲೋಮಿ ಚೊಂಬಿನಲ್ಲಿ ನೀರು ತುಂಬಿಕೊಂಡು ಹೋಗಿ ಆಚೆ ಬಾಗಿಲು ಬಡಿದಳು. ತೆಗೆದ ವನಜಳ ಕಣ್ಣಿನಲ್ಲಿ ನಿದ್ದೆಯ ಚೂರೂ ಇರಲಿಲ್ಲ. "ಹೇಳಿದ್ರೆ ಹೋಗಲ್ಲ ವನಜಾ. ನಾನು ನಿಂಗೆ ತಪ್ಪು ಕಲಿಸ್ದೆ," ಎನ್ನುತ್ತಲೇ ಸಲೋಮಿ ಒಳಗೆ ಹೋಗಿ, ಮುದುಕಿಯ ತಲೆ ಎತ್ತಿ ಹಿಡಿದು, ನೀರು ಕುಡಿಸಿದಳು. ದೊಡ್ಡಗಂಗಮ್ಮ ಗಟಗಟನೆ ಕುಡಿದಳು.

"ಸಾಕು ತಾಯಿ. ಮಿಕ್ಕಿದ್ದು ನಿಮ್ಮವ್ವಂಗೆ ಕೊಡು."

"ಯಾರಿಗೆ?"

"ನಿಮ್ಮವ್ವಂಗೆ. ಇಲ್ಲೇ ಕೂತವ್ಳಲ್ಲ. ಲೋಟ ಬಡಿಯೋದು ಇನ್ಯಾರು? ನನ್ ಕೈಗೆಲ್ಲಿ ಅಷ್ಟ್ ಶಕ್ತಿ ಅದೆ?"

ದೀಪದ ಬೆಳಕಿನಲ್ಲಿ ಮುದುಕಿಯ ಕೈಗಳೆರಡೂ ಕಂಬಳಿಯೊಳಗೆ ಇದ್ದವು. ಲೋಟ ಹಾಸಿಗೆಯಿಂದ ಮಾರು ದೂರದಲ್ಲಿತ್ತು.

ವನಜ ತಾನೇ ಬಂದು ಚೊಂಬು ಇಸಿದುಕೊಂಡು ಆ ಲೋಟ ತುಂಬಿಸಿದಳು. ಅತ್ತೆಯ ಕಾಲಿನ ಹತ್ತಿರವೇ ಚಾಪೆ ಎಳೆದುಕೊಂಡಳು. "ನಾನ್ ಇಲ್ಲೇ ಮಲಗ್ತೀನಿ ಟೀಚರಮ್ಮ."

ಮನೆಗೆ ಬಂದ ಸಲೋಮಿಯ ಮೊಣಕಾಲು ತಾನಾಗಿ ಮಡಚಿಕೊಂಡಿತು, ತುಟಿ ತೆರೆಯಿತು. ಈಗ ಹೇಳಿಬಿಟ್ಟರೆ ಮತ್ತೆ ಹಗುರಾಗುತ್ತೇನೆ ಅನ್ನಿಸಿ ಎದ್ದು ನಿಂತಳು. ಚರ್ಚಿನ ಅಯ್ಯನವರಿಗೆ ತನ್ನ ತಪ್ಪನ್ನಾಗಲಿ, ರುದ್ರಯ್ಯನಿಗೆ ವನಜಳ ತಪ್ಪನ್ನಾಗಲಿ, ಯಾರಿಗೂ ಹೇಳಬಾರದು. ದೇವರು ನೋಡಿದ್ದಾನೆ, ಅಷ್ಟು ಸಾಕು.