ಮೆತ್ತಗೆ ತಟ್ಟಿದ ಕೈ

ಮುಂದಿನ ವಾರ ನನ್ನ ಗಂಡ ಗಿಯಾಕೆನ್‌ಗೆ ಮೊಣಕಾಲಿನ ಆಪರೇಷನ್. ಆಮೇಲೆ ಸ್ಕೀ ಮುಟ್ಟುವಂತಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದಕ್ಕೇ ಅವನಿಗೆ ಹಠ. ನಮ್ಮ ಅಡುಗೆಮನೆ ಕಿಟಕಿಗೆ ಕಾಣುವ ಉತ್ತರದ ಇಳಿಜಾರಿನಲ್ಲಿ ಕೊನೆಯದಾಗಿ ಒಮ್ಮೆ ಜಾರಬೇಕಂತೆ. ವಾರವಿಡೀ ಅದೇ ಜಪ, ಕೇಳಿ ಕೇಳಿ ನನ್ನ ತಲೆ ಕೆಟ್ಟಿತ್ತು.

ಬೆಳಿಗ್ಗೆಯೇ ಹೊರಟು ಮೇಲೆ ತಲುಪಿದೆವು. ಹಿಮ ಪರೀಕ್ಷಿಸದೆ ಯಾರೂ ಇಳಿಯುವುದಿಲ್ಲ. ಕಾಲು ಮಡಚಲಾಗದ ಅವನು ನಿಂತು ಅಪ್ಪಣೆ ಕೊಟ್ಟ, ನಾನು ಅಂಚಿನಲ್ಲಿ ಗುಂಡಿ ಅಗೆದೆ. ಗುಂಡಿಯ ಗೋಡೆಯಿಂದ ಹಿಮದ ಒಂದು ಕಂಬ ಕೊರೆದು ಬಿಡಿಸಿದೆ. ಅದರ ತಲೆಯ ಮೇಲೆ ಸಲಿಕೆ ಇಟ್ಟು ಮೊದಲು ಮಣಿಕಟ್ಟಿನಿಂದ, ಆಮೇಲೆ ಮೊಣಕೈಯಿಂದ, ಕೊನೆಗೆ ಭುಜದಿಂದ ತಟ್ಟಬೇಕು. ಬೇಗನೆ ಪದರ ಜಾರಿತೋ, ಇಡೀ ಇಳಿಜಾರು ನಮ್ಮನ್ನು ಹೊತ್ತುಕೊಂಡೇ ಜಾರಬಹುದು.

ತಟ್ಟಿದೆ. ಕಂಬ ಅಲ್ಲಾಡಲಿಲ್ಲ.

"ಗಟ್ಟಿಯಿದೆ, ನಡಿ," ಎಂದೆ.

ಅವನು ಕದಲಲಿಲ್ಲ.

"ಮದ್ಲೇನಾ, ನೀನು ಹಿಟ್ಟು ನಾದಿದ್ರೆ ಕೆಳಗಡೆ ಮನೆಯವ್ರು ಜಗಳಕ್ಕೆ ಬರ್ತಾರೆ. ಇದೇನು, ಮಗು ಮಲಗಿಸ್ತಿದ್ಯಾ?"

"ನನ್ನ ಕೈ, ನನ್ನಿಷ್ಟ. ಸುಮ್ನೆ ನಡಿ ಮಾರಾಯ."

"ಇನ್ನೊಂದು ಕಂಬ ಕೊರಿ. ನಾನು ತಟ್ತೀನಿ."

ಬಾಯಿಗೆ ಬಂದಂತೆ ಬೈಯುತ್ತಲೇ ಕೊರೆದೆ. ಅವನು ಬಗ್ಗಿ, ನೋವಿಗೆ ಹಲ್ಲು ಕಚ್ಚಿ, ಮಣಿಕಟ್ಟಿನಿಂದ ತಟ್ಟಿದ. ಮೊಣಕೈಯವರೆಗೆ ಹೋಗಲೇ ಇಲ್ಲ. ಮೇಲಿನ ತುಂಡು ಮೇಜಿನ ಖಾನೆಯ ಹಾಗೆ ನುಣ್ಣಗೆ ಹೊರಬಂದು ನನ್ನ ಮಡಿಲಿಗೆ ಬಿತ್ತು.

"ಬೇಕಂತ ಮಾಡ್ಲಿಲ್ಲ ಕಣೋ," ಎಂದೆ. ಅವನ ಆಸೆ ನನ್ನ ಕೈಗೆ ಇಳಿದು ಅದನ್ನು ಮೆತ್ತಗಾಗಿಸಿದ್ದು ನನಗೇ ತಿಳಿದಿರಲಿಲ್ಲ.

"ಗೊತ್ತು," ಎಂದು ನನ್ನ ಮಡಿಲಿನ ಹಿಮ ಕೊಡವಿದ.

ಬಂದ ದಾರಿಯಲ್ಲೇ, ಕಾಡಿನ ನಡುವೆ ಇಳಿದೆವು. ಮರಗಳಿಗೆಲ್ಲ ಶಾಪ ಹಾಕುತ್ತ ಬಂದ. ಹಳ್ಳದ ಬಳಿ ಕೂತು ಅಕ್ರೋಟಿನ ಕೇಕ್ ತಿಂದೆವು, ದೊಡ್ಡ ತುಂಡು ಅವನೇ ತೆಗೆದುಕೊಂಡ. ತಿರುಗಿ ನೋಡಿದರೆ ಇಳಿಜಾರು ಒಂದು ಗೆರೆಯೂ ಇಲ್ಲದೆ ಬೆಳ್ಳಗೆ ಹೊಳೆಯುತ್ತಿತ್ತು. ಅವನ ಮೇಲೆ ನನಗೆ ಎಂದೂ ಇಷ್ಟು ಪ್ರೀತಿ ಬಂದಿರಲಿಲ್ಲ.

"ಮುಂದಿನ ವರ್ಷ ನೀನು ಹೋಗು. ನಾನು ಕಿಟಕೀಲಿ ಕೂತು ನೋಡ್ತೀನಿ," ಎಂದ.

"ಹೂಂ."

"ಆದ್ರೆ ಜೋರಾಗಿ ತಟ್ಟು ಮಾರಾಯ್ತಿ. ಎರಡನೇ ಸಲ ತಟ್ಟೋಕೆ ನಾನಿರಲ್ಲ ಅಲ್ಲಿ."