ಬೇಬಿಯ ಗುಂಡು

ಹಿತ್ತಾಳೆ ಲೋಟ ಬಿದ್ದರೆ ಒಡೆಯುವುದಿಲ್ಲ ಎನ್ನುವುದೊಂದೇ ಸಮಾಧಾನ. ಅದರ ಸದ್ದು ಮಾತ್ರ ಹಿಂದಿನ ಅಡುಗೆಮನೆಯಿಂದ ಮುಂದಿನ ಗಲ್ಲಾಪೆಟ್ಟಿಗೆಯವರೆಗೂ ಹೋಗುತ್ತಿತ್ತು.

"ಎಂತದೇ ಮಾರಾಯ್ತಿ, ಇವತ್ತು ಇದು ಎಷ್ಟನೆಯದು? ಕೈಯಲ್ಲಿ ಬೆರಳುಂಟಾ ಇಲ್ವಾ?" ಅಮ್ಮಣ್ಣಿ ಒಲೆಯ ಮುಂದಿನಿಂದಲೇ ಕೂಗಿದಳು.

"ಉಂಟು. ನಿನ್ನೆಗಿಂತ ಉದ್ದ ಉಂಟು. ಅದೇ ಕಷ್ಟ," ಎಂದಳು ಬೇಬಿ.

ಮಾತು ಸುಳ್ಳಲ್ಲ. ಒಂದೇ ವರ್ಷದಲ್ಲಿ ಹುಡುಗಿ ಅಮ್ಮನ ಭುಜ ದಾಟಿದ್ದಳು. ಹೋದ ದೀಪಾವಳಿಯ ಲಂಗ ಈಗ ಮೊಣಕಾಲಿನ ಹತ್ತಿರ ನಿಂತಿತ್ತು. ಬಾಗಿಲು ದಾಟುವಾಗ ಭುಜ ತಾಗುತ್ತಿತ್ತು, ಮೆಟ್ಟಿಲು ಹತ್ತುವಾಗ ಕಾಲು ಎಡವುತ್ತಿತ್ತು. ಬೇರೆ ಯಾರದೋ ಮೈಯನ್ನು ಕಡ ತಂದು ಹಾಕಿಕೊಂಡವಳ ಹಾಗೆ ಓಡಾಡುತ್ತಿದ್ದಳು.

ಮದರಾಸಿನ ಪೆರಂಬೂರಿನಲ್ಲಿ ರೈಲು ಕಾರ್ಖಾನೆಯ ರಸ್ತೆಗೇ ಅವಳ ಅಪ್ಪ ಸುಬ್ರಾಯನ ಹೋಟೆಲು. ಸಂಜೆ ಕಾರ್ಖಾನೆಯ ಸೈರನ್ನು, ಅಂದರೆ ಊರವರ ಸಂಗು, ಕೂಗಿದರೆ ಸೈಕಲ್ಲುಗಳು ಹೊಳೆಯಂತೆ ಹೊರಬೀಳುತ್ತಿದ್ದವು. ಬೇಬಿ ಹನ್ನೊಂದರ ಹುಡುಗಿಯಾಗಿದ್ದಾಗ ಗೇಟಿನ ಮೂಲೆಯಲ್ಲಿ ಕಾದು ನಿಂತು, ಸಂಗು ಕೂಗಿದ್ದೇ ತಡ ಓಡಿಬಂದು, ಮೊದಲ ಸೈಕಲ್ಲಿಗಿಂತ ಮುಂಚೆ ಬಾಗಿಲಲ್ಲಿ ನಿಂತು "ಬಂದ್ರು! ಬಂದ್ರು!" ಎನ್ನುತ್ತಿದ್ದಳು. ಸುಬ್ರಾಯ ಆಗಲೇ ಡಿಕಾಕ್ಷನ್ನಿಗೆ ಹಾಲು ಬೆರೆಸುತ್ತಿದ್ದ. ಈಗ ಸೈಕಲ್ಲಿನವರು ಒಂದು ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಅವಳು ಏದುಸಿರು ಬಿಡುತ್ತ ಬರುತ್ತಿದ್ದಳು. ಆ ವಾರ ಶಾಲೆಯ ಓಟದಲ್ಲೂ ಕೊನೆಯವಳಾದಳು. ಹಿಂದಿನ ವರ್ಷ ಅವಳ ಬೆನ್ನು ನೋಡುತ್ತ ಓಡಿದ ಹುಡುಗಿಯರೇ "ಏ ಗುಂಡು!" ಎಂದು ನಕ್ಕರು. ಊರಿನ ತಮಿಳಿನಲ್ಲಿ ಗುಂಡು ಅಂದರೆ ದಪ್ಪಗಾದವಳು.

"ಓಡ ಮುಡಿಯಲೆಮ್ಮಾ," ಓಡಲಿಕ್ಕೇ ಆಗುವುದಿಲ್ಲ ಎಂದು ಅತ್ತಳು ಬೇಬಿ. "ಕಾಲು ನಂದೇ ಅಲ್ಲ."

ಸುಬ್ರಾಯ ಕೇಳಿಸಿಕೊಂಡು ಅಮ್ಮಣ್ಣಿಯ ಕಡೆ ತಿರುಗಿದ. "ಸಾಕು. ದೊಡ್ಡವಳಾದ ಮೇಲೆ ಓಟ ಗೀಟ ಎಲ್ಲ ಎಂತಕ್ಕೆ? ನಾಳೆ ಶಾಲೆಗೆ ಹೋಗಿ ಡ್ರಿಲ್ ಟೀಚರಿಗೆ ಹೇಳಿ ಬಾ. ಇನ್ನು ಅವಳಿಗೆ ಆಟ ಇಲ್ಲ."

ಬೇಬಿ ಜಗಳ ಆಡುತ್ತಾಳೆಂದು ಅಮ್ಮಣ್ಣಿ ಕಾದಳು. ಹುಡುಗಿ ಆಯಿತೆಂದು ತಲೆಯಾಡಿಸಿದಳು. ಅಮ್ಮಣ್ಣಿಗೆ ಸಂಕಟವಾದದ್ದು ಅಲ್ಲಿ. ಆಟದ ಮೈದಾನ ಒಂದಿದ್ದರೆ ಊಟ ಬೇಡ ಎನ್ನುತ್ತಿದ್ದ ಮಗು ಅದು.

ಮರುದಿನ ಬೆಳಿಗ್ಗೆ, ಹೋಟೆಲಿನ ಹಿಟ್ಟು ರುಬ್ಬಿ ಕಡೆಯುವ ಆಳು ಐತಪ್ಪ ಮಣಿಕಟ್ಟು ಊದಿಸಿಕೊಂಡು ಬಂದ. ಉದ್ದು ನೆನೆದು ಕಾಯುತ್ತಿತ್ತು. ಹೋಟೆಲಿನ ಕಡೆಯುವ ಕಲ್ಲು ಮನೆಯ ಕಲ್ಲಿನ ಹಾಗಲ್ಲ; ಅದರ ಗುಂಡು ತಿರುಗಿಸಲು ಗಂಡಾಳೇ ಬೇಕು. ಅಮ್ಮಣ್ಣಿ ಸೆರಗು ಸಿಕ್ಕಿಸಿ ತಾನೇ ಕೂತು ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಹಾಲು ಉಕ್ಕಿತು. ಎದ್ದು ಓಡಿದಳು.

ಹಾಲಿಳಿಸಿ ತಿರುಗಿದರೆ ಕಲ್ಲಿನ ಸದ್ದು ನಿಂತಿರಲಿಲ್ಲ. ಗರಗರ ಎನ್ನುತ್ತಿದ್ದದ್ದು ಮೆಲ್ಲಗೆ ದಪ್ಪವಾಗಿ, ತುಂಬಿದ ಗಂಟಲಿನ ಸದ್ದಾಗುತ್ತಿತ್ತು.

ಬೇಬಿ ಕೂತಿದ್ದಳು. ಹೋದ ವರ್ಷ ಎರಡು ಕೈ ಹಾಕಿದರೂ ಅಲುಗದ ಗುಂಡು ಈಗ ಅವಳ ಅಂಗೈಯ ಕೆಳಗೆ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ತಿರುಗುತ್ತಿತ್ತು. ಬೆನ್ನು ನೆಟ್ಟಗೆ. ಭುಜದಿಂದ ಹೊರಟ ಬಲ ಮೊಣಕೈ ದಾಟಿ ಕಲ್ಲಿಗೆ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು. ಲೋಟ ಹಿಡಿಯಲು ಬಾರದ ಕೈ ಅದು! ಅಮ್ಮಣ್ಣಿಗೆ ಮೈ ಜುಮ್ಮೆಂದಿತು. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ತನ್ನ ಕಣ್ಣೆದುರೇ ಯಾವಾಗ ಇಷ್ಟಾಯಿತು?

"ಅಮ್ಮಾ, ಇವಳಿಗೆ ಸಂಬಳ ಎಷ್ಟು ಮಾಡ್ತೀರಿ? ನಾನು ಊರಿಗೆ ಹೋಗುದೇ ಒಳ್ಳೆದು," ಎಂದ ಐತಪ್ಪ, ಊದಿದ ಕೈ ನೀವಿಕೊಳ್ಳುತ್ತ.

ಅಮ್ಮಣ್ಣಿ ನಗಲಿಲ್ಲ. ತನಗೂ ಈ ಬಲ ಬಂದಿತ್ತಲ್ಲ, ಇದೇ ವಯಸ್ಸಿನಲ್ಲಿ? ಬಂದದ್ದು ಬಂದ ಹಾಗೇ ಕೊಡಪಾನಕ್ಕೆ, ಒಲೆಗೆ, ಕಲ್ಲಿಗೆ ಹೋಯಿತು. ಯಾರೂ ನಿಂತು ನೋಡಿರಲಿಲ್ಲ. ಅವಳೇ ನೋಡಿಕೊಂಡಿರಲಿಲ್ಲ.

ಆದರೂ ಗಂಡ ಹೇಳಿದ ಮಾತು ಹೇಳಲೇಬೇಕು. ಮಧ್ಯಾಹ್ನ ಊಟಕ್ಕೆ ಬಂದ ಬೇಬಿಯ ಜೊತೆ ಶಾಲೆಗೆ ಹೋದಳು. ಡ್ರಿಲ್ ಟೀಚರ್ ಜಯಲಕ್ಷ್ಮೀ ಕನ್ನಡದವಳೇ. ಮದರಾಸಿಗೆ ಬಂದು ಮೂರು ತಲೆಮಾರಾದ ವೈಷ್ಣವರ ಮನೆ; ಕನ್ನಡದ ನಡುವೆ ತಮಿಳು ಬೆರೆಯುತ್ತಿತ್ತು. ಅಮ್ಮಣ್ಣಿ ಬಾಯಿ ತೆರೆಯುವ ಮೊದಲೇ ಅವಳು, "ಬಾಂಗೋ, ಬನ್ನಿ, ನಾನೇ ಹೇಳಿ ಕಳಿಸೋಣಾಂತ ಇದ್ದೆ. ನಿಮ್ಮ ಪೊಣ್ಣಿಗೆ ಇನ್ಮೇಲೆ ಓಟ ಬೇಡ. ಅವಳಿಗೆ ಗುಂಡೇ ಸರಿ," ಎಂದಳು.

ಅಮ್ಮಣ್ಣಿಗೆ ರಕ್ತ ತಲೆಗೇರಿತು. "ಏನು ಟೀಚರೇ, ಮಕ್ಕಳು ಹೇಳಿದ್ದು ಸಾಲದಾ? ನೀವೂ ಗುಂಡು ಅನ್ನುದಾ? ಬೆಳೆಯುವ ಹುಡುಗಿ, ನಾಲ್ಕು ದೋಸೆ ಜಾಸ್ತಿ ತಿಂದ್ಲು. ನಮ್ಮ ಹೋಟೆಲಿನದ್ದೇ ತಿಂದದ್ದು, ನಿಮ್ಮ ಮನೆಯದ್ದಲ್ಲ!"

ಜಯಲಕ್ಷ್ಮೀ ಕಣ್ಣು ಕಣ್ಣು ಬಿಟ್ಟಳು. ಆಮೇಲೆ ನಗು ತಡೆಯಲಾಗದೆ ಒಳಗೆ ಹೋಗಿ ಒಂದು ಕಬ್ಬಿಣದ ಗುಂಡು ತಂದಳು. "ಅಯ್ಯೋ ರಾಮ! ಈ ಗುಂಡು ಅಮ್ಮಾ. ಎಸೆಯೋದು. ಈ ವಯಸ್ಸಲ್ಲಿ ಮೊದಲು ಎಲುಬು ಬೆಳೆದು ಮುಂದೆ ಓಡತ್ತೆ, ಬಲ ಅಪ್ಪುರಂ, ಆಮೇಲೆ ಬರತ್ತೆ. ನಡುವೆ ಒಂದು ವರ್ಷ ಎಡವ್ತಾರೆ. ತುಂಬ ಹುಡುಗಿಯರು ಆ ವರ್ಷವೇ ಬಿಟ್ಟುಹೋಗ್ತಾರೆ. ಬಲ ಬರೋವಾಗ ಇಲ್ಲಿ ಇರೋದೇ ಇಲ್ಲ."

ಬೇಬಿ ಹಿಂದೆ ಸರಿದಳು. "ವೇಂಡಾಂ ಟೀಚರ್, ಬೇಡ. ನಗ್ತಾರೆ."

ಅಮ್ಮಣ್ಣಿ ಗುಂಡನ್ನು ತಾನೇ ಕೈಗೆ ತೆಗೆದುಕೊಂಡು ತೂಗಿ ನೋಡಿದಳು. "ಇದಾ? ಐತಪ್ಪನ ಗುಂಡಿನ ಮರಿ ಇದು. ಹಿಡಿ ಮಗಾ. ಇದು ಬಿದ್ರೆ ನಾನು ಬೈಯುದಿಲ್ಲ. ಬೀಳಿಸ್ಲಿಕ್ಕೇ ಇರುದಂತೆ."

ಬೇಬಿಗೆ ನಗು ಬಂತು. ಟೀಚರ್ ತೋರಿಸಿದ ಹಾಗೆ ಗುಂಡನ್ನು ಕೊರಳಿಗೆ ಒತ್ತಿಕೊಂಡಳು, ಮೊಣಕಾಲು ಬಗ್ಗಿಸಿದಳು. ಬೆಳಿಗ್ಗೆ ಕಲ್ಲಿಗೆ ಇಳಿದ ಬಲ ಈಗ ಮೇಲಕ್ಕೆ ಹೊರಟಿತು. ಹಿಮ್ಮಡಿಯಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ. ಗುಂಡು ಹೋಯಿತು. ಮೈದಾನದ ಮೂಲೆಯಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದ ಹುಡುಗಿಯರು ಬಾಯಿ ಆಡಿಸುವುದನ್ನು ನಿಲ್ಲಿಸಿದರು. ಅದು ಬಿದ್ದ ಕಡೆ ಮಣ್ಣಿನಲ್ಲಿ ಧೊಪ್ಪೆಂದು ಹೊಂಡ ಬಿತ್ತು.

ಅಮ್ಮಣ್ಣಿ ಆ ಹೊಂಡದವರೆಗೆ ನಡೆದುಹೋಗಿ ಬಗ್ಗಿ ನೋಡಿದಳು. ದೇವರ ಮುಂದೆ ನಿಂತವಳಂತೆ ಸೆರಗು ಸರಿಪಡಿಸಿಕೊಂಡಳು. ಹಿಂತಿರುಗಿ ಬಂದಾಗ ಕಣ್ಣಲ್ಲಿ ನೀರಿತ್ತು. ದನಿ ಮಾತ್ರ ಒಲೆಯ ಮುಂದಿನದೇ.

"ಸಂಜೆ ಇದನ್ನು ಕಲಿಸಿ ಎಷ್ಟು ಹೊತ್ತಿಗೆ ಬಿಡ್ತೀರಿ ಟೀಚರೇ? ಇವಳ ಅಪ್ಪನಿಗೆ ನಾನು ಹೇಳ್ತೇನೆ. ಅವರು ಬೇಕಾದ್ರೆ ಕಲ್ಲಿನ ಮುಂದೆ ಇವಳ ಹತ್ತಿರ ಪಂದ್ಯ ಕಟ್ಟಿ ನೋಡ್ಲಿ."