ನಿಲ್ಲಿಸಬಾರದ ಜಾಗ

ಆನವಟ್ಟಿಯ ಲೋಕಪ್ಪನವರ ಮನೆಯ ಪಡಸಾಲೆಯಲ್ಲಿ ಹುಚ್ಚರಾಯಪ್ಪ ‘ಇಲ್ಲಿಗೆ ನನ್ನ ಉಪನ್ಯಾಸ ಮುಗಿಯಿತು, ನಮಸ್ಕಾರ’ ಎಂದು ಕೈ ಮುಗಿದ. ಒಬ್ಬರೂ ಏಳಲಿಲ್ಲ.

ಚಪ್ಪಾಳೆ ಬರುತ್ತದೆಂದು ಅವನೇನೂ ಕಾದಿರಲಿಲ್ಲ. ಆದರೆ ಸಭೆ ಮುಗಿದಾಗ ಎಲ್ಲೆಡೆ ಆಗುವ ಗದ್ದಲವಾದರೂ ಆಗಬೇಕಿತ್ತಲ್ಲ? ಯಾರೂ ಕೆಮ್ಮಲಿಲ್ಲ, ಎಲೆಅಡಿಕೆ ಚೀಲ ಬಿಚ್ಚಲಿಲ್ಲ, ನಿದ್ದೆ ಹೋದ ಮಕ್ಕಳನ್ನು ಎಬ್ಬಿಸಲಿಲ್ಲ. ಗಂಡಸರು ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರು ಕೂತೇ ಇದ್ದರು. ನಡುಮನೆಯ ಬಾಗಿಲಾಚೆ ಹೆಂಗಸರೂ ಹಾಗೇ ಕೂತಿದ್ದರು. ಎಲ್ಲರ ಕಣ್ಣೂ ಅವನ ಮೇಲಿತ್ತು.

ಏನು ತಪ್ಪು ಮಾಡಿದೆ ಎಂದುಕೊಂಡ. ಅವನಿಗೆ ಮೊದಲು ಬರುವ ಯೋಚನೆ ಯಾವಾಗಲೂ ಇದೇ. ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಪ್ರೊಫೆಸರರ ಕಡೆ ಓರೆಗಣ್ಣಿನಲ್ಲಿ ನೋಡಿದ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸುತ್ತಿದ್ದರು. ಅದು ಒಳ್ಳೆಯ ಸೂಚನೆಯೋ ಕೆಟ್ಟದ್ದೋ, ಇಷ್ಟು ವರ್ಷ ಅವರ ಕೈಕೆಳಗೆ ದುಡಿದರೂ ಹುಚ್ಚರಾಯಪ್ಪನಿಗೆ ತಿಳಿದಿರಲಿಲ್ಲ.

ವಿಶ್ವವಿದ್ಯಾನಿಲಯದ ಹಳೆಗನ್ನಡ–ಸಂಸ್ಕೃತ ವಿಭಾಗಕ್ಕೆ ಅವರೇ ಮುಖ್ಯಸ್ಥರು. ಬರುವ ವಾರ ಆಯ್ಕೆ ಸಮಿತಿ ಸೇರುವುದಿತ್ತು. ರೀಡರ್ ಹುದ್ದೆ ಹುಚ್ಚರಾಯಪ್ಪನಿಗೋ ಅಥವಾ ಹಗಲು ಕಾಲೇಜಿನಲ್ಲಿ ಓದಿ ಚಿನ್ನದ ಪದಕ ತೆಗೆದುಕೊಂಡ ಇನ್ನೊಬ್ಬನಿಗೋ ಎಂಬುದು ಇವರ ಒಂದು ಮಾತಿನಲ್ಲಿ ತೀರ್ಮಾನವಾಗುವಂತಿತ್ತು. ಹುಚ್ಚರಾಯಪ್ಪ ಶಿಕಾರಿಪುರದ ಬೆಲ್ಲದ ಅಂಗಡಿಯ ಮನೆಯವನು. ಹಗಲು ಖಜಾನೆ ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿ, ಸಂಜೆ ತರಗತಿಯಲ್ಲಿ ತೂಕಡಿಸುತ್ತ ಕಲಿತು ಮೇಲೆ ಬಂದಿದ್ದ. ವಿಭಾಗದಲ್ಲಿ ಯಾರಾದರೂ ‘ನಮ್ಮ ಸಂಜೆ ಪಂಡಿತರು’ ಎಂದರೆ ಅವನೂ ನಗುತ್ತಿದ್ದ. ಮನೆಗೆ ಹೋಗಿ ಮಾತ್ರ ನಾಳೆಯ ಪಾಠವನ್ನು ಮತ್ತೊಮ್ಮೆ ಓದಿಕೊಳ್ಳುತ್ತಿದ್ದ.

ಅವನ ಬಲವೆಲ್ಲ ಒಂದೇ ಕೆಲಸದಲ್ಲಿತ್ತು. ಹಳೆಗನ್ನಡದ ಒಂದು ಅಪೂರ್ಣ ಕಾವ್ಯವನ್ನು ಅವನು ಸಂಪಾದಿಸಿದ್ದ. ಅದರ ಒಂದೆರಡು ಓಲೆಗರಿ ಪ್ರತಿಗಳಲ್ಲಿ ಕೊನೆಗೆ ಕೆಲವು ಪದ್ಯಗಳು ಹೆಚ್ಚಿಗೆ ಇದ್ದವು. ಅವು ಕವಿಯವಲ್ಲ, ಪ್ರಕ್ಷಿಪ್ತ, ಅಂದರೆ ಯಾರೋ ಆಮೇಲೆ ಸೇರಿಸಿದ್ದು ಎಂದು ಅವನು ತೋರಿಸಿಕೊಟ್ಟಿದ್ದ. ಛಂದಸ್ಸು ಎಲ್ಲಿ ಕುಂಟುತ್ತದೆ, ಯಾವ ಮಾತು ಕವಿಯ ಕಾಲದ್ದಲ್ಲ ಎಂಬುದನ್ನೆಲ್ಲ ಸಾಲು ಸಾಲಾಗಿ ಹಿಡಿದಿದ್ದ. ‘ಇಲ್ಲದ್ದನ್ನು ಇದೆ ಎನ್ನದವನೇ ಸಂಪಾದಕ’ ಎಂದು ಪ್ರೊಫೆಸರರು ಒಮ್ಮೆ ಅವನ ಬಗ್ಗೆ ಹೇಳಿದ್ದರು. ಅವನಿಗೆ ಸಿಕ್ಕ ಹೊಗಳಿಕೆ ಅದೊಂದೇ.

ಪ್ರಚಾರೋಪನ್ಯಾಸಕ್ಕೆಂದು ವಿಶ್ವವಿದ್ಯಾನಿಲಯ ಅವನನ್ನು ಈ ಕಡೆ ಕಳಿಸಿದಾಗ ಪ್ರೊಫೆಸರರು ತಾವೂ ಹೊರಟರು. ‘ಜನರೆದುರು ನಿಮ್ಮನ್ನು ನೋಡಿಲ್ಲ, ನೋಡೋಣ’ ಎಂದರು. ಶಿಕಾರಿಪುರದ ಹೈಸ್ಕೂಲಿನಲ್ಲಿ ಎಲ್ಲ ಸರಿಯಾಯಿತು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು, ಹೆಡ್‌ಮಾಸ್ತರರು ವಂದನಾರ್ಪಣೆ ಮಾಡಿದರು. ಇಲ್ಲಿ ಅಕ್ಕಿ ಗಿರಣಿಯ ಲೋಕಪ್ಪನವರು ತಮ್ಮ ಮನೆಯಲ್ಲೇ ಸಭೆ ಸೇರಿಸಿದ್ದರು. ಹುಚ್ಚರಾಯಪ್ಪ ಅದೇ ಕಾವ್ಯವನ್ನು ಎತ್ತಿಕೊಂಡ. ಇವರಿಗೆ ವಾದವೆಲ್ಲ ಬೇಡ ಎಂದು ಕಥೆಯನ್ನೇ ಹೇಳಿದ. ಕೇತಲೆ ಎಂಬ ಹೆಣ್ಣುಮಗಳು ಸವತಿಯ ಕಾಟಕ್ಕೆ ಹೆದರಿ ತನ್ನ ಹಸುಗೂಸನ್ನು ಹೇರೆತ್ತುಗಳು ಓಡಾಡುವ ದಾರಿಯ ಮೇಲೆ ಮಲಗಿಸಿ, ಯಾರಾದರೂ ಎತ್ತಿಕೊಂಡಾರು ಎಂದು ಬಂಡೆಯ ಮರೆಗೆ ನಿಲ್ಲುತ್ತಾಳೆ. ಹೊತ್ತು ಮುಳುಗುತ್ತದೆ. ದೂರದಲ್ಲಿ ಸರಕು ಹೊತ್ತ ಎತ್ತುಗಳ ಗಂಟೆ ಕೇಳಿಸುತ್ತದೆ. ಅಲ್ಲಿಗೆ ಕಾವ್ಯ ಕಡಿದುಹೋಗುತ್ತದೆ. ಹುಚ್ಚರಾಯಪ್ಪನೂ ಅಲ್ಲಿಗೇ ನಿಲ್ಲಿಸಿ ಕೈ ಮುಗಿದಿದ್ದ.

ನಡುಮನೆಯ ಬಾಗಿಲಿಂದ ಒಂದು ಮುದಿ ದನಿ ಬಂತು. ಲೋಕಪ್ಪನವರ ತಾಯಿ ಉಚ್ಚಂಗಮ್ಮನದು.

‘ಕೂಸು ಏನಾತಪ್ಪಾ?’

‘ಯಾವ ಕೂಸು, ಅಮ್ಮಾ?’

‘ನೀನೇ ದಾರಿ ಮ್ಯಾಲೆ ಮಲಗಿಸಿದ್ಯಲ್ಲ, ಅದು! ಎತ್ತು ಬರ್ತಾವೆ ಅಂದಿ, ಗಂಟೆ ಕೇಳ್ತದೆ ಅಂದಿ, ಆಮ್ಯಾಲೆ ಕೈ ಮುಗುದು ಕುಂತ್ಬಿಟ್ಟಿ.’

‘ಮೇಷ್ಟ್ರಿಗೆ ಹಸಿವಾಗಿರ್ಬೇಕು ಬಿಡಜ್ಜಿ’ ಎಂದ ಕಂಬದ ಹತ್ತಿರ ಕೂತಿದ್ದ ಗುತ್ಯಪ್ಪ. ಅವನು ಚಂದ್ರಗುತ್ತಿ ಕಡೆಯವನು. ಗಿರಣಿಗೆ ಭತ್ತ ತಂದವನು ಸಭೆಗೂ ಬಂದು ಕೂತಿದ್ದ.

‘ಹಸಿವಾದ್ರೆ ಉಣ್ಣಲಿ, ಯಾರು ಬ್ಯಾಡ ಅಂದ್ರು? ಕೂಸನ್ನ ಎತ್ತಿಟ್ಟು ಉಣ್ಣಲಿ.’

ಹುಚ್ಚರಾಯಪ್ಪನಿಗೆ ಆಗ ಹೊಳೆಯಿತು. ಅವನ ಮನೆಯಲ್ಲೂ ಶ್ರಾವಣದಲ್ಲಿ ಪುರಾಣ ಓದಿಸುತ್ತಿದ್ದರು. ಅಳುವ ಜಾಗದಲ್ಲಿ ಓದು ನಿಲ್ಲಿಸುವಂತಿರಲಿಲ್ಲ. ಕಾಡಿಗೆ ಹೋದವರು ನೆರಳು ಸೇರಬೇಕು, ಮೂರ್ಛೆ ಹೋದವರು ಕಣ್ಣು ತೆರೆಯಬೇಕು. ಅಲ್ಲಿಯವರೆಗೆ ಓದುವವನಿಗೆ ಜ್ವರ ಬಂದರೂ ಬಿಡುತ್ತಿರಲಿಲ್ಲ. ಕೇಳಿದವರ ಮನೆಗೆ ಆ ದುಃಖ ಹಿಂದೆಯೇ ಬರುತ್ತದೆಂಬ ಭಯ. ಇದನ್ನು ಅವನು ಹೇಗೆ ಮರೆತ?

‘ನೋಡಿ ಅಮ್ಮ, ಕವಿ ಬರೆದದ್ದು ಅಷ್ಟೇ ನಮಗೆ ಸಿಕ್ಕಿರುವುದು. ಮುಂದಿನ ಗರಿಗಳು ಹಾಳಾಗಿವೆ’ ಎಂದ.

‘ಅಲ್ರೀ, ಗರಿ ಹಾಳಾದ್ದಕ್ಕೆ ಕೂಸು ಎತ್ತಿನ ಕಾಲಡಿ ಬೀಳಬೇಕೇನ್ರೀ?’ ಎಂದ ಗುತ್ಯಪ್ಪ. ಈ ಸಲ ಅವನ ಮಾತಿನಲ್ಲಿ ತಮಾಷೆ ಇರಲಿಲ್ಲ.

ಲೋಕಪ್ಪನವರು ಬಗ್ಗಿ ಹುಚ್ಚರಾಯಪ್ಪನ ಕಿವಿಯ ಹತ್ತಿರ ಬಂದರು. ‘ಸಾರ್, ಒಳಗೆ ನಮ್ಮ ಮಗಳು ಸರ್ವಮಂಗಳ ಕೂತಾಳೆ. ಚೊಚ್ಚಲ ಬಸುರಿ, ದಿನ ತುಂಬ್ಯಾವೆ. ಹಿಂಗೆ ಅರ್ಧಕ್ಕೆ ಎಬ್ಬಿಸಾಕೆ ಅವರಮ್ಮ ಬಿಡಂಗಿಲ್ಲ. ಏನಾರ ಒಂದು ದಡ ಮುಟ್ಟಿಸಿಬಿಡ್ರಿ.’

ಹುಚ್ಚರಾಯಪ್ಪ ಬಾಗಿಲ ಕಡೆ ನೋಡಿದ. ಗೋಡೆಗೆ ಒರಗಿ ಕಾಲು ಚಾಚಿ ಕೂತ ಹುಡುಗಿ ಸೆರಗನ್ನು ಹೊಟ್ಟೆಯ ಮೇಲೆ ಬಿಗಿಹಿಡಿದಿದ್ದಳು. ತಾಯಿ ನೀಲಾಂಬಿಕಮ್ಮ ಅವಳ ಭುಜದ ಮೇಲೆ ಕೈಯಿಟ್ಟು, ಏಳದಂತೆ ಒತ್ತಿಹಿಡಿದಂತೆ ಕೂತಿದ್ದರು.

‘ರಾಯಪ್ಪ’ ಎಂದರು ಪ್ರೊಫೆಸರರು. ಹುಚ್ಚ ಎಂಬ ಭಾಗವನ್ನು ಅವರು ಮರ್ಯಾದೆಗೆಂದು ಬಿಟ್ಟು ಕರೆಯುತ್ತಿದ್ದರು. ‘ಕಾವ್ಯ ಅಪೂರ್ಣ ಅಂತ ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿ. ಮುಗಿಸಿ. ಇದ್ದದ್ದು ಇದ್ದ ಹಾಗೆ.’

ಇದ್ದದ್ದು ಇದ್ದ ಹಾಗೆ. ಅವನು ಬಾಯಿ ತೆರೆದ. ಕಾವ್ಯ ಅಪೂರ್ಣ ಎಂದರೆ ಆಯಿತು. ಅದು ಸುಳ್ಳಲ್ಲ. ಲೋಕಪ್ಪನವರು ಬೇಸರಪಟ್ಟುಕೊಳ್ಳುತ್ತಾರೆ, ಊಟದ ಹೊತ್ತಿಗೆ ಮುಖ ಬಿಗಿಯಾಗಿರುತ್ತದೆ, ಬೆಳಗ್ಗೆ ಬಸ್ಸು ಹತ್ತಿದರೆ ತೀರಿತು. ಮುಂದಿನ ವಾರ ಸಮಿತಿ. ಆದರೆ ಈ ಹುಡುಗಿಗೆ ಏನಾದರೂ ಹೆಚ್ಚುಕಡಿಮೆಯಾದರೆ? ಆಗುವುದಿಲ್ಲ, ಕಥೆಯಿಂದ ಹಾಗೆಲ್ಲ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಹೆರಿಗೆಯ ನೋವು ಬಂದಾಗ ಆ ದಾರಿ, ಆ ಗಂಟೆ ಅವಳ ತಲೆಯಲ್ಲಿರುತ್ತವೆ. ಇಟ್ಟವನು ತಾನು.

ಹೇಳುವುದೆಂದರೆ ಇದ್ದದ್ದು ಒಂದೇ ಮುಕ್ತಾಯ. ಕವಿಯದಲ್ಲವೆಂದು ಅವನೇ ಸಾಧಿಸಿದ್ದು, ಅಚ್ಚಿನಲ್ಲಿ ಹೊರಗಿಟ್ಟದ್ದು. ಅದನ್ನು ಹೇಳಬೇಕಾದದ್ದು ಈ ಮನುಷ್ಯನ ಎದುರಿನಲ್ಲಿ.

‘ಇನ್ನು ಕೆಲವು ಪದ್ಯಗಳಿವೆ’ ಎಂದ. ದನಿ ಸಣ್ಣಗೆ ಹೊರಟಿತು. ‘ಅವು ಆ ಕವಿಯವಲ್ಲ. ಯಾರೋ ಆಮೇಲೆ ಸೇರಿಸಿದ್ದು. ಇದನ್ನು ನೀವು ತಿಳಿದಿರಬೇಕು.’

‘ಯಾರಾರ ಆಗ್ಲಿ, ಪುಣ್ಯಾತ್ಮ’ ಎಂದಳು ಉಚ್ಚಂಗಮ್ಮ. ‘ನೀ ಹೇಳು.’

ಬೆತ್ತದ ಕುರ್ಚಿ ಕಿರುಗುಟ್ಟಿತು. ಹುಚ್ಚರಾಯಪ್ಪ ಆ ಕಡೆ ನೋಡಲಿಲ್ಲ.

ಪದ್ಯಗಳು ಬಾಯಿಗೆ ಬಂದಿದ್ದವು. ಒಂದೊಂದರ ತಪ್ಪು ಹುಡುಕುತ್ತ ವರ್ಷಗಟ್ಟಲೆ ಕೂತವನಿಗೆ ಬಾರದೆ ಇರುತ್ತವೆಯೇ? ಮೊದಲ ಪದ್ಯ ಹೇಳಿದ. ಎರಡನೆಯ ಸಾಲಿನಲ್ಲಿ ಛಂದಸ್ಸಿನ ಲೆಕ್ಕ ತಪ್ಪಿತು, ಅಲ್ಲಿ ತಪ್ಪುತ್ತದೆಂದು ಗೊತ್ತಿದ್ದೂ ನಾಲಗೆ ಎಡವಿತು. ಅರ್ಥ ಬಿಡಿಸಿದ. ಎತ್ತುಗಳ ಸಾಲು ಬಂತು. ಮುಂದಿನ ಎತ್ತು ದಾರಿಯ ನಡುವೆ ನಿಂತುಬಿಟ್ಟಿತು. ಬಾರಿಸಿದರೂ ಕಾಲೆತ್ತಲಿಲ್ಲ. ‘ಮೂಕಪ್ರಾಣಿಗೆ ಮನುಷ್ಯನ ವಿವೇಕ ಹೊರಿಸುವುದು ಈ ಕವಿಯ ರೀತಿಯಲ್ಲ’ ಎಂದು ಅವನು ಇದರ ಬಗ್ಗೆ ಬರೆದಿದ್ದ. ಗುತ್ಯಪ್ಪ ತಲೆಯಾಡಿಸಿ, ‘ನಿಲ್ತದೆ, ನಿಲ್ತದೆ. ನಮ್ಮ ಮನೇದೂ ಹಂಗೇಯ’ ಎಂದ.

ಎತ್ತುಗಳ ಯಜಮಾನ ಹಿಂದಿನಿಂದ ಬಂದ. ಬಗ್ಗಿ ಕೂಸನ್ನು ಎತ್ತಿಕೊಂಡ. ಸುತ್ತಿದ ಬಟ್ಟೆಯನ್ನು ಮುಟ್ಟಿ ನೋಡಿದ. ಬಟ್ಟೆ ಇನ್ನೂ ಬೆಚ್ಚಗಿದೆ, ಹೆತ್ತವಳು ದೂರ ಹೋಗಿಲ್ಲ ಎಂದು ತಿಳಿದು ಕತ್ತಲೆಗೆ ಮುಖ ಮಾಡಿ ಕೂಗಿದ: ಬಾ ಮಗಳೇ, ಎರಡು ಜೀವಕ್ಕೆ ನನ್ನ ಮನೆಯಲ್ಲಿ ಗಂಜಿ ಇದೆ.

ಈ ಸಾಲನ್ನು ಹುಚ್ಚರಾಯಪ್ಪ ತನ್ನ ಗ್ರಂಥದಲ್ಲಿ ‘ಗ್ರಾಮ್ಯ’ ಎಂದು ಕರೆದಿದ್ದ. ಈಗ ಅದನ್ನು ಅರ್ಧ ಹೇಳಿ ನಿಲ್ಲಿಸಿದ. ನೀರು ಕುಡಿದು ಮತ್ತೆ ಹೇಳಿದ. ಕೇತಲೆ ಬಂಡೆಯ ಮರೆಯಿಂದ ಬಂದಳು. ಕೂಸು ಮೊಲೆ ಹಿಡಿಯಿತು. ಮಂಗಳ ಪದ್ಯ ಮುಗಿಯಿತು.

ಆಗ ಎಲ್ಲರೂ ಎದ್ದರು. ಕೆಮ್ಮು, ಮಾತು, ಮಕ್ಕಳನ್ನು ಗದರುವ ಸದ್ದು ಎಲ್ಲ ಒಟ್ಟಿಗೇ ಶುರುವಾಯಿತು. ಸರ್ವಮಂಗಳ ಗೋಡೆ ಹಿಡಿದು ಎದ್ದು, ‘ಅವ್ವಾ, ಕಾಲು ಜೋಮು ಹಿಡುದಾವೆ’ ಎಂದು ನಕ್ಕಳು. ಉಚ್ಚಂಗಮ್ಮ ಹುಚ್ಚರಾಯಪ್ಪನ ಹತ್ತಿರ ಬಂದು ಏನೋ ಹೇಳತೊಡಗಿದಳು. ತನ್ನ ಮಾವ ಓದುತ್ತಿದ್ದ ಕಾಲದ್ದು, ಗರಿ ಮುಗಿದುಹೋದದ್ದು, ಹೀಗೇ ಯಾವುದೋ ಮಾತು. ಅವನು ಹೂಂಗುಟ್ಟಿದ. ಕಿವಿಗೆ ಏನೂ ಇಳಿಯಲಿಲ್ಲ. ಪ್ರೊಫೆಸರರು ಎದ್ದು ಕೈ ತೊಳೆಯಲು ಹೋಗಿದ್ದರು.

ಊಟದಲ್ಲಿ ಪ್ರೊಫೆಸರರು ಭತ್ತದ ಧಾರಣೆಯ ಬಗ್ಗೆ ಮಾತಾಡಿದರು. ಹುಚ್ಚರಾಯಪ್ಪನ ಜೊತೆ ಆಡಲಿಲ್ಲ.

ಬೆಳಗಿನ ಬಸ್ಸಿನಲ್ಲಿ ಅಕ್ಕಪಕ್ಕ ಕೂತರು. ಹುಚ್ಚರಾಯಪ್ಪ ಕೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಹತ್ತಾರು ರೀತಿ ಜೋಡಿಸಿದ. ಕೊನೆಗೆ ‘ಸಾರ್, ನಿನ್ನೆ...’ ಎಂದಷ್ಟೇ ಬಂತು.

‘ಆ ಪದ್ಯಗಳು ಯಾರದು?’ ಎಂದರು ಅವರು ಕಿಟಕಿಯ ಆಚೆ ನೋಡುತ್ತ.

‘ಕವಿಯದಲ್ಲ ಸಾರ್. ಇವತ್ತೂ ಹಾಗೇ ಹೇಳ್ತೀನಿ.’

‘ಅದು ಗೊತ್ತು, ನೀವು ಚೆನ್ನಾಗೇ ತೋರಿಸಿದ್ದೀರಿ. ಯಾರದು ಅಂತ ಕೇಳಿದೆ. ಯಾಕೆ ಸೇರಿಸಿದ?’

ಹುಚ್ಚರಾಯಪ್ಪ ತನ್ನ ಪುಸ್ತಕದ ಅಧ್ಯಾಯಗಳನ್ನು ಮನಸ್ಸಿನಲ್ಲೇ ತಿರುವಿದ. ದಪ್ಪ ಗ್ರಂಥದಲ್ಲಿ ಆ ಪ್ರಶ್ನೆ ಎಲ್ಲೂ ಇರಲಿಲ್ಲ. ‘ಯಾರೋ ಓದೋನು ಸಾರ್’ ಎಂದ ನಿಧಾನವಾಗಿ. ‘ಇಂಥದ್ದೇ ಮನೇಲಿ ಕೂತಿದ್ದೋನು. ಜನ ಎದ್ದಿರಲಿಕ್ಕಿಲ್ಲ.’

‘ಆಧಾರ?’

‘ಇಲ್ಲ ಸಾರ್.’

‘ಆ ಅಜ್ಜಿ ಹೇಳಿದ್ದು ಕೇಳಿಸಿಕೊಳ್ಳಲಿಲ್ವಾ ನೀವು? ಅವರ ಮಾವ ಒಂದು ಸಲ ಓದ್ತಿರುವಾಗ ಗರಿ ಮುಗಿದುಹೋಯ್ತಂತೆ. ಅವರೇ ನಾಲ್ಕು ಪದ್ಯ ಕಟ್ಟಿ ದಡ ಮುಟ್ಟಿಸಿದರಂತೆ. ಕೈ ತೊಳೀತಾ ಇದ್ದ ನನಗೆ ಕೇಳಿಸಿತು. ನಿಮ್ಮ ಎದುರಿಗೇ ನಿಂತು ಹೇಳ್ತಿದ್ದರು.’

ಹುಚ್ಚರಾಯಪ್ಪನ ಮುಖ ಬಿಸಿಯಾಯಿತು.

‘ಈ ಸಲ ಸಮಿತೀಲಿ ನಾನು ನಿಮ್ಮ ಹೆಸರು ಎತ್ತೋದಿಲ್ಲ’ ಎಂದರು ಪ್ರೊಫೆಸರರು. ‘ಸಭೇಲಿ ಹೇಳಿದ್ದಕ್ಕಲ್ಲ. ಹೇಳುವ ಮುಂಚೆ ಕವಿಯದಲ್ಲ ಅಂತ ಹೇಳಿದಿರಿ, ಅಷ್ಟು ಸಾಕು. ಆದರೆ ಕೆಲಸ ಅರ್ಧ ಆಗಿದೆ. ಅರ್ಧ ಅಂತ ನನಗೂ ಗೊತ್ತಿರಲಿಲ್ಲ, ನಿನ್ನೆವರೆಗೆ. ಗೊತ್ತಾದ ಮೇಲೆ ಪೂರ್ತಿ ಅಂತ ಶಿಫಾರಸು ಮಾಡೋದು ಹೇಗೆ?’

ಇಷ್ಟು ವರ್ಷ ಹೆದರಿದ್ದ ಮಾತು ಬಂದೇಬಿಟ್ಟಿತ್ತು. ಹುದ್ದೆ ಆ ಪದಕದವನಿಗೆ. ಹೆಂಡತಿಗೆ ಏನು ಹೇಳುವುದು? ವಿಭಾಗದಲ್ಲಿ ಮುಖ ತೋರಿಸುವುದು ಹೇಗೆ? ಬಸ್ಸು ಶಿರಾಳಕೊಪ್ಪದಲ್ಲಿ ನಿಂತಿತು. ಜನ ಇಳಿದರು, ಹತ್ತಿದರು. ಉಚ್ಚಂಗಮ್ಮನಿಗೆ ಎಷ್ಟು ವಯಸ್ಸಾಗಿರಬಹುದು ಎಂದು ಅವನು ಲೆಕ್ಕ ಹಾಕಿದ. ಮಾವ ಕಟ್ಟಿದ ಪದ್ಯ ಅವಳಿಗೆ ನೆನಪಿದ್ದೀತೇ? ಮುಂದಿನ ರಜೆಗೆ ಬಂದರೆ ಅವಳು ಇರುತ್ತಾಳೆಯೇ?

‘ಸಾರ್, ನನಗೆ ರಜೆ ಬೇಕಾಗ್ತದೆ’ ಎಂದ.

‘ಎಷ್ಟು ದಿನ?’

‘ಗೊತ್ತಿಲ್ಲ ಸಾರ್.’

ಪ್ರೊಫೆಸರರು ಮೊಣಕಾಲು ಓರೆ ಮಾಡಿ ದಾರಿ ಬಿಟ್ಟರು. ಹುಚ್ಚರಾಯಪ್ಪ ಚೀಲ ಎತ್ತಿಕೊಂಡು ಇಳಿದ.

‘ಶಿಕಾರಿಪುರಕ್ಕೆ ಟಿಕೆಟ್ ತಗಂಡು ಇಲ್ಲಿಳೀತೀರಲ್ರೀ!’ ಎಂದ ಕಂಡಕ್ಟರ್. ಉತ್ತರಕ್ಕೆ ಕಾಯದೆ ಸೀಟಿ ಊದಿದ.

ಬಸ್ಸು ಹೋಯಿತು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಯೋಚಿಸುತ್ತ ಹುಚ್ಚರಾಯಪ್ಪ ರಸ್ತೆ ದಾಟಿ, ಅಲ್ಲಿ ಕೂತಿದ್ದವರನ್ನು ಆನವಟ್ಟಿ ಕಡೆ ಬಸ್ಸು ಯಾವಾಗ ಎಂದು ಕೇಳಿದ.